ಕಾಡಿನ ನಗರವೂ ರೊಟ್ಟಿಯಿತ್ತ ಊರುಗಳೂ

ಉತ್ಖನನವೆಂದೊಡನೆ ಪ್ರಾಚೀನ ಬಸದಿ, ಶಾಸನ, ನಾಣ್ಯಗಳೇ ನಮ್ಮ ಮನಸ್ಸಿಗೆ ಬರುತ್ತವೆ. ಕೇವಲ ಎಂಟು ದಶಕಗಳ ಹಿಂದಿನ ನೆಲವೂ ಅಗೆದು ಓದಬೇಕಾದ ಗ್ರಂಥವೇ ಎಂಬುದನ್ನು ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲಿಸಿಯಾ ಪ್ರಾಂತದ ಕಸಾಯೊ ಬೆಟ್ಟಗಳು ತೋರಿಸಿವೆ. ಗೆರಿಲ್ಲಾ ಹೋರಾಟಗಾರರ ಅಡಗುದಾಣಗಳಾಗಿದ್ದ, 'ಕಾಡಿನ ನಗರ'ವೆಂದು ಹೆಸರಾದ ಶಿಬಿರಗಳಲ್ಲಿ ವಿದ್ವಾಂಸರು 2018ರಲ್ಲಿ ಉತ್ಖನನ ಕೈಗೊಂಡರು.

1936ರ ಜುಲೈಯಲ್ಲಿ ಸೇನಾದಂಗೆ ಆರಂಭವಾದಾಗ ಗಲಿಸಿಯಾ ಕೆಲವೇ ದಿನಗಳಲ್ಲಿ ದಂಗೆಕೋರರ ವಶವಾಯಿತು. ಗಣರಾಜ್ಯದ ಪಕ್ಷದವರಲ್ಲಿ ಅನೇಕರು ಪ್ರಾಣ ಉಳಿಸಿಕೊಳ್ಳಲು ಬೆಟ್ಟ ಹತ್ತಿದರು. 1939ರಲ್ಲಿ ಅಂತರ್ಯುದ್ಧ ಮುಗಿದು ಫ್ರಾಂಕೋನ ಸರ್ವಾಧಿಕಾರ ನೆಲೆಗೊಂಡ ಮೇಲೂ ಕೆಲವರು ಇಳಿದು ಬರಲಿಲ್ಲ. 1942ರಲ್ಲಿ ಅವರು ಲೆಯೋನ್-ಗಲಿಸಿಯಾ ಗೆರಿಲ್ಲಾ ಒಕ್ಕೂಟವನ್ನು ಕಟ್ಟಿದರು. ಕಸಾಯೊ ಅದರ ಮುಖ್ಯ ನೆಲೆಯಾಯಿತು. 1946ರಲ್ಲಿ ಸಿವಿಲ್ ಗಾರ್ಡ್ ಎಂಬ ಸಶಸ್ತ್ರ ಪೊಲೀಸ್ ಪಡೆ ದಾಳಿಯಿಟ್ಟಾಗ ಆ ನೆಲೆ ಮುರಿಯಿತು.

ಇಳಿಜಾರಿಗೆ ಆನಿಸಿ ಕಟ್ಟಿದ ಕಲ್ಲುಗುಡಿಸಲುಗಳ ತಳದಲ್ಲಿ ತೋಟಾಗಳ ಕವಚಗಳು ದೊರೆತವು. ಅವುಗಳೊಡನೆ ಪಾತ್ರೆಗಳ ಚೂರು, ಗಾಜಿನ ಸೀಸೆ, ತಿಂದುಳಿದ ಪ್ರಾಣಿಗಳ ಎಲುಬುಗಳೂ ದೊರೆತವು. ತಟ್ಟೆಯಾಗಲಿ ಸೀಸೆಯಾಗಲಿ ಕಾಡಿನಲ್ಲಿ ಹುಟ್ಟುವ ವಸ್ತುವಲ್ಲ. ಕೆಳಗಿನ ಊರುಗಳಿಂದ ಮೇಲಕ್ಕೆ ಸಾಗಿದ ಹಾದಿಯೊಂದನ್ನು ಈ ಚೂರುಗಳು ಸೂಚಿಸುತ್ತವೆ. ಆಹಾರ, ಔಷಧ, ಸುದ್ದಿಗಳನ್ನು ಹೊತ್ತು ಆ ಹಾದಿ ತುಳಿದವರಲ್ಲಿ ಸ್ತ್ರೀಯರ ಪಾಲು ದೊಡ್ಡದು. ಬಂದೂಕು ಹಿಡಿದವರಿಗಿಂತ ಅವರಿಗೆ ಆಸರೆಯಾದವರ ಸಂಖ್ಯೆಯೇ ಹೆಚ್ಚು.

ಆ ಆಸರೆಗೆ ತೆತ್ತ ಬೆಲೆ ಕಠೋರವಾಗಿತ್ತು. ಸಿವಿಲ್ ಗಾರ್ಡಿನವರು ಗೆರಿಲ್ಲಾಗಳ ವೇಷ ಧರಿಸಿ ರೈತರ ಮನೆಬಾಗಿಲು ತಟ್ಟುವ ತಂತ್ರವನ್ನು ಬಳಸಿದರು. ಅನ್ನವಿತ್ತವನು ಅಪರಾಧಿಯಾಗುತ್ತಿದ್ದನು, ಬಂದವರು ನಿಜವಾದ ಹೋರಾಟಗಾರರಾಗಿದ್ದರೆ, ಇಲ್ಲವೆಂದವನು ಅವರ ಸಂದೇಹಕ್ಕೆ ಗುರಿಯಾಗುತ್ತಿದ್ದನು. 1947ರ ಏಪ್ರಿಲ್ 18ರ ಶಾಸನವು ದರೋಡೆ ಮತ್ತು ಭಯೋತ್ಪಾದನೆಯ ಹೆಸರಿನಲ್ಲಿ ನೆರವಿತ್ತವರನ್ನೂ ಉಗ್ರ ಶಿಕ್ಷೆಗೆ ಒಳಪಡಿಸಿತು.

ಇಲ್ಲಿ ನೀತಿಯ ಪ್ರಶ್ನೆಯೊಂದು ಏಳುತ್ತದೆ. ಕಸಾಯೊದ ತಟ್ಟೆಯಲ್ಲಿ ಬಿದ್ದ ರೊಟ್ಟಿ ಬಂಧುಪ್ರೀತಿಯಿಂದ ಬಂದುದೋ, ತತ್ತ್ವನಿಷ್ಠೆಯಿಂದಲೋ, ಹಣಕ್ಕೆ ಮಾರಿದುದೋ, ಬಂದೂಕಿನ ಭಯದಿಂದಲೋ? ನಾಲ್ಕೂ ಕಾರಣಗಳಿಂದ ಕೊಟ್ಟವರು ಇದ್ದಿರಲೇಬೇಕು. ಭಯದಿಂದ ಕೊಟ್ಟದ್ದು ದಾನವೆನಿಸದು. ಆದರೆ ಮನೆಗೆ ಬಂದ ಹಸಿದವನಿಗೆ ಅನ್ನವಿಡುವುದನ್ನೇ ಅಪರಾಧವೆಂದು ಎಣಿಸಿದ ರಾಜ್ಯಕ್ಕೆ ಧರ್ಮದ ಮಾತಾಡುವ ಅಧಿಕಾರ ಎಲ್ಲಿಯದು? ತಟ್ಟೆಯ ಚೂರು ಅದನ್ನು ಕೊಟ್ಟ ಕೈಯ ಮನಸ್ಸನ್ನು ಹೇಳಲಾರದು. ಆದ್ದರಿಂದಲೇ ಸಂಶೋಧಕರು ನೆಲವನ್ನು ಅಗೆಯುವುದರೊಡನೆ ಊರಿನ ಹಿರಿಯರ ನೆನಪುಗಳಿಗೂ ಕಿವಿಗೊಟ್ಟರು.

ಯುದ್ಧದ ಇತಿಹಾಸವು ಸಾಮಾನ್ಯವಾಗಿ ಶಸ್ತ್ರ ಹಿಡಿದವರನ್ನು ವೀರರೆಂದೋ ದರೋಡೆಕೋರರೆಂದೋ ಹೆಸರಿಸಿ ಮುಗಿಯುತ್ತದೆ. ಎರಡು ಬಂದೂಕುಗಳ ನಡುವೆ ಒಲೆ ಹೊತ್ತಿಸಿದವರ ಲೆಕ್ಕವನ್ನು ಇಟ್ಟವರು ವಿರಳ. ಅವರ ಪಾಲಿಗೆ ಮಣ್ಣಿನಡಿಯ ಒಂದು ಒಡೆದ ಪಾತ್ರೆಯೇ ಶಾಸನ.