ರಾಜೀನಾಮೆ ಎಂಬ ಕಾಗದ

ತುಮಕೂರಿನ ಶಿರಾ ಗೇಟಿನ ಬಳಿ ಮನೆ ಮಾಡಿಕೊಂಡಿರುವ ನನ್ನಂಥ ಕನ್ನಡ ಮೇಷ್ಟರಿಗೆ ಮನೆಯ ಮುಂದಿನ ರಸ್ತೆಯೇ ಒಂದು ನಿಘಂಟು. ಈ ದಾರಿ ಬಡಗಲಾಗಿ ಶಿರಾಕ್ಕೆ ಹೋಗುತ್ತದೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಶಿರಾವನ್ನು ಹಿಡಿದ. 1687ರಲ್ಲಿ ಔರಂಗಜೇಬನ ಸೇನಾಪತಿ ಖಾಸಿಂಖಾನ ಅದನ್ನು ಮೊಗಲರ ಸುಭಾದ ಮುಖ್ಯ ಪಟ್ಟಣವನ್ನಾಗಿ ಮಾಡಿದ. ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳೆಲ್ಲ ಶಿರಾದ ಅಧೀನ. ಸೈನ್ಯ ಬಂದು ಹೋಯಿತು. ಸುಭೇದಾರರು ಬಂದು ಹೋದರು. ಅವರ ಕಚೇರಿಯ ಮಾತುಗಳು ಮಾತ್ರ ಹೋಗಲಿಲ್ಲ. ಬಿಜಾಪುರದಿಂದ, ಶಿರಾದಂಥ ಠಾಣ್ಯಗಳಿಂದ, ಆಮೇಲೆ ಹೈದರ್ ಟಿಪ್ಪುಗಳ ದಫ್ತರಗಳಿಂದ ಹೊರಟ ಜಿಲ್ಲೆ, ತಾಲ್ಲೂಕು, ಶಿರಸ್ತೇದಾರ, ಗುಮಾಸ್ತ, ಜಮಾಬಂದಿಗಳು ನಮ್ಮಲ್ಲಿ ಹೊಕ್ಕು ಬಳಕೆಯಾಗಿ, ಈಗ ಅವು ಪರಭಾಷೆಯವು ಎಂದರೆ ಹಳ್ಳಿಯವರು ನಗುತ್ತಾರೆ. ಕೆಲಸಕ್ಕೆ ಸೇರುವ ಮಾತಾದ ನೌಕರಿ ಪಾರಸಿಯದು, ಚಾಕರಿಯೂ ಅಲ್ಲಿಯದೇ. ಕೆಲಸ ಬಿಡುವ ಮಾತಾದ ರಾಜೀನಾಮೆಯೂ ಆ ಕಡೆಯದೇ. ಇಂದು ನಾನು ಹೇಳಹೊರಟಿರುವುದು ಈ ಕೊನೆಯ ಮಾತಿನ ಚರಿತ್ರೆಯನ್ನು.

ಉತ್ತರದವರು ಕೆಲಸ ಬಿಡುವಾಗ 'ಇಸ್ತೀಫಾ' ಕೊಡುತ್ತಾರೆ. ಅರಬ್ಬೀ ಮೂಲದಲ್ಲಿ ಅದು ಕ್ಷಮೆ ಕೇಳುವ ಮಾತು; ಮನ್ನಿಸಿ, ಬಿಟ್ಟುಬಿಡಿ ಎಂದು ಬೇಡುವುದು. ನಾವು, ಮರಾಠಿಗರು, ತೆಲುಗರು 'ರಾಜೀನಾಮೆ' ಕೊಡುತ್ತೇವೆ. 'ರಾಜೀ' ಎಂದರೆ ಒಪ್ಪಿದವನು, 'ನಾಮೆ' ಎಂದರೆ ಪತ್ರ. ನಾನು ಒಪ್ಪಿದ್ದೇನೆ ಎಂಬ ಪತ್ರ ಇದು. ನ್ಯಾಯಾಲಯದಲ್ಲಿ ವಾದಿ ಪ್ರತಿವಾದಿಗಳು ರಾಜಿಯಾಗುತ್ತಾರಲ್ಲ, ಆ ರಾಜಿಯೂ ಈ ರಾಜೀನಾಮೆಯೂ ಒಂದೇ ಬೇರಿನವು. ಸಿಟ್ಟಿನಿಂದ ಮುಖಕ್ಕೆ ಎಸೆದು ಬರುವ ಕಾಗದವೆಂದು ನಾವು ಭಾವಿಸಿರುವುದು ಹುಟ್ಟಿನಲ್ಲಿ ಒಡಂಬಡಿಕೆಯ ಪತ್ರ!

ಈ ಪತ್ರವನ್ನು ನಮ್ಮ ನಾಡಿನಲ್ಲಿ ಹೆಚ್ಚಾಗಿ ಬರೆದುಕೊಟ್ಟವನು ನೌಕರನಲ್ಲ, ರೈತ. ರೈತವಾರಿ ಪದ್ಧತಿಯಲ್ಲಿ ಒಬ್ಬನು ತನ್ನ ಹೆಸರಿನ ಸರ್ವೆ ನಂಬರನ್ನು ಬಿಟ್ಟುಕೊಡಬೇಕಾದರೆ ರಾಜೀನಾಮೆ ಬರೆದುಕೊಡಬೇಕು. ಅದನ್ನು ವಹಿಸಿಕೊಳ್ಳುವವನು ಕಬೂಲಾಯತಿ ಬರೆದುಕೊಡಬೇಕು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳಿಗೆ ಅನ್ವಯಿಸಿದ 1879ರ ಮುಂಬಯಿ ಭೂಕಂದಾಯ ಕಾಯಿದೆಯಲ್ಲಿ ಇದರ ಕ್ರಮ ಸ್ಪಷ್ಟವಾಗಿತ್ತು. ಭೂಮಿಯನ್ನು ಪೂರ್ತಿಯಾಗಿ ಬಿಡುವವನು ಮಾರ್ಚಿ 31ರೊಳಗೆ ಮಾಮಲೇದಾರನಿಗೆ ಬರಹದಲ್ಲಿ ತಿಳಿಸಬೇಕು. ಬಿಡುಗಡೆ ಮಾತ್ರ ಆ ಕಂದಾಯ ವರ್ಷ ಮುಗಿದ ಮೇಲೆಯೇ. ಗಡುವು ಮೀರಿತೋ, ಮತ್ತೊಂದು ವರ್ಷದ ಕಂದಾಯ ಅವನ ತಲೆಗೆ. ಉಳುಮೆ ಮಾಡಲಿ, ಬೀಳು ಬಿಡಲಿ, ಸರ್ಕಾರಕ್ಕೆ ಅದು ಸಂಬಂಧವಿಲ್ಲ. ಆದುದರಿಂದ ನೆಲ ಬಿಡುವ ರೈತ ಮೊದಲು ತಾರೀಖು ನೋಡುತ್ತಿದ್ದ, ಆಮೇಲೆ ಬಾಕಿ ನೋಡುತ್ತಿದ್ದ, ಕೊನೆಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಈಗಿನ ಕಂಪನಿಗಳು ನೇಮಕದ ಪತ್ರದಲ್ಲೇ ಬರೆಯುವ ನೋಟೀಸಿನ ಅವಧಿ, ಬಿಡುವ ದಿನದ ಲೆಕ್ಕ ಚುಕ್ತಾ, ಇವೆರಡೂ ಹೊಸವಲ್ಲ.

ಮಾತು ಹೊಲದಿಂದ ಕಚೇರಿಗೆ ಬಂದಾಗ ಅದರ ಗುಣ ಕೆಟ್ಟಿತೆಂದು ನನ್ನ ಅಭಿಪ್ರಾಯ. ಬ್ರಿಟಿಷರ ಕಾಲದ ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸಿನಲ್ಲಿ 418ನೆಯ ವಿಧಿ ಎಂಬುದೊಂದಿತ್ತು. ದುರ್ನಡತೆಗಾಗಿ ವಜಾ ಆದವನು, ದಿವಾಳಿಯೆದ್ದು ತೆಗೆಯಲ್ಪಟ್ಟವನು, ಇಲಾಖಾ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋದವನು, ಈ ಸಾಲಿನಲ್ಲಿಯೇ ರಾಜೀನಾಮೆ ಕೊಟ್ಟವನನ್ನೂ ಕೂಡಿಸಿ, ಇವರೆಲ್ಲರ ಹಿಂದಿನ ಸೇವೆ ನಷ್ಟವಾಗುತ್ತದೆಂದು ಅದು ಸಾರಿತು. ಸೇವೆ ನಷ್ಟವಾದರೆ ಪಿಂಚಣಿಯಿಲ್ಲ. ದಿವಾಳಿಯಾದವನ ಪಕ್ಕದಲ್ಲಿ ಮಾನವಂತನನ್ನು ಕೂರಿಸಿದ ಆ ವಾಕ್ಯವನ್ನು ಬರೆದ ಮಹನೀಯನಿಗೆ ಹಾಸ್ಯಪ್ರಜ್ಞೆ ಇದ್ದಿರಲಾರದು. 1958ರಲ್ಲಿ ಮೈಸೂರಿನ ಹೆಸರಿನಲ್ಲಿ ಬಂದು ಈಗ ಕರ್ನಾಟಕ ನಾಗರಿಕ ಸೇವಾ ನಿಯಮಗಳೆನಿಸಿಕೊಂಡಿರುವ ಗ್ರಂಥದಲ್ಲಿಯೂ ಈ ತತ್ತ್ವ ಇಳಿದು ಬಂದಿದೆ. ನಿಗದಿಯಾದಷ್ಟು ವರ್ಷ ದುಡಿದವನು ಮುಂಗಡ ನೋಟೀಸು ಕೊಟ್ಟು 'ಸ್ವಯಂ ನಿವೃತ್ತಿ' ಕೇಳಿದರೆ ಪಿಂಚಣಿ. ಅದೇ ಮನುಷ್ಯ, ಅದೇ ದಿನ, ಅದೇ ಕಾರಣಕ್ಕೆ 'ರಾಜೀನಾಮೆ' ಎಂದು ಬರೆದರೆ ಸೊನ್ನೆ. ದೆಹಲಿಯ ವಿದ್ಯುತ್ ಸಂಸ್ಥೆಯೊಂದರಲ್ಲಿ ಸುಮಾರು ಎರಡು ದಶಕ ದುಡಿದು 1990ರಲ್ಲಿ ರಾಜೀನಾಮೆ ಬರೆದ ನೌಕರನೊಬ್ಬನ ಮೊಕದ್ದಮೆ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ, ಅವನ ಹಿಂದಿನ ಸೇವೆ ಹೋಯಿತು ಎಂದೇ ತೀರ್ಪು.

ನನ್ನ ದೊಡ್ಡಪ್ಪನಿಗೆ ಈ ತೀರ್ಪು ಬೇಕಾಗಿರಲಿಲ್ಲ. ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದವರು. 1986ರಲ್ಲಿ ಮೇಲಧಿಕಾರಿಯೊಬ್ಬ ಬಂದ ಜನರ ಎದುರಿನಲ್ಲಿ ಆಡಬಾರದ ಮಾತಾಡಿದ. ದೊಡ್ಡಪ್ಪ ಅಂದೇ ಸಂಜೆ ಒಂದೂವರೆ ಸಾಲಿನ ಕಾಗದ ಬರೆದು ಮೇಜಿನ ಮೇಲಿಟ್ಟು ಬಂದರು. ಯಾವ ಕಾಗದಕ್ಕೂ ಆರು ತಿಂಗಳು ಹಿಡಿಯುವ ಆ ಕಚೇರಿಯಲ್ಲಿ ಅದಕ್ಕೆ ಮಾತ್ರ ವಾರದೊಳಗೆ ಒಪ್ಪಿಗೆ ಸಿಕ್ಕಿತು. ತಾವು ಕಟ್ಟಿದ್ದ ಭವಿಷ್ಯನಿಧಿ ಕೈಗೆ ಬಂತು. ಪಿಂಚಣಿ ಕೇಳಲು ಹೋದಾಗ ನಿಯಮದ ಸಂಖ್ಯೆಯೊಂದನ್ನು ಬರೆದ ಉತ್ತರ ಬಂತು. ಉಳಿದ ಆಯುಸ್ಸನ್ನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದು ಕಳೆದರು. ಅವರು ಮಾಡಿದ್ದು ತಪ್ಪೆಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ದೊಡ್ಡಮ್ಮ ಮಾತ್ರ ಒಮ್ಮೊಮ್ಮೆ, "ಬಿಡೋದು ಬಿಟ್ರು, ಸರಿ. ಆ ಕಾಗದದ ತಲೆ ಮೇಲೆ ಏನು ಬರೀಬೇಕು ಅಂತ ಯಾರನ್ನಾದರೂ ಕೇಳಿ ಬರೆದಿದ್ರೆ ಆಗ್ತಿರಲಿಲ್ವೆ" ಎನ್ನುತ್ತಿದ್ದರು. ನಾನು ಓದಿದ ಯಾವ ಆಡಳಿತ ಚರಿತ್ರೆಯಲ್ಲಿಯೂ ಇಷ್ಟು ತೂಕದ ವಿಮರ್ಶೆಯನ್ನು ಕಂಡಿಲ್ಲ.

ದೊಡ್ಡವರ ರಾಜೀನಾಮೆಗಳನ್ನು ನಾವು ಬೇರೆ ರೀತಿಯಲ್ಲಿ ನೆನೆಯುತ್ತೇವೆ. ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ಎಲ್ಲರಿಗೂ 1918ರ ನೆನಪು. ಸರ್ಕಾರಿ ನೇಮಕಗಳಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕೊಡುವ ಪ್ರಶ್ನೆಯಲ್ಲಿ ಮಹಾರಾಜರಿಗೂ ದಿವಾನರಿಗೂ ಅಭಿಪ್ರಾಯಭೇದ ಬಂತು. ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಆ ವರ್ಷದ ಕೊನೆಗೆ ದಿವಾನರು ಅಧಿಕಾರ ಬಿಟ್ಟರು. ಆ ಪ್ರಶ್ನೆಯಲ್ಲಿ ಮಹಾರಾಜರ ಕಡೆಗೇ ನ್ಯಾಯವಿತ್ತೆಂದು ನಾನು ತಿಳಿದಿದ್ದೇನೆ. ಆದರೆ ಒಪ್ಪದ ಕೆಲಸವನ್ನು ಕುರ್ಚಿಗಾಗಿ ಒಪ್ಪದ ದಿವಾನರ ನಡತೆ ಶುದ್ಧವಾದದ್ದು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಮರಳಿದರೆಂಬ ಕಥೆಯನ್ನು ನಮ್ಮ ಶಾಲೆಗಳಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಆ ಸ್ವಂತ ಕಾರು ಎಲ್ಲಿಂದ ಬಂತೆಂದು ಯಾವ ಹುಡುಗನೂ ಕೇಳುವುದಿಲ್ಲ!

ಅದಕ್ಕೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರಾಗಿ ಸೇರಿದರು. ಹಿರಿಯರು ಹಲವರನ್ನು ದಾಟಿ ಮೇಲೇರಿದರು. ಆದರೆ ಆ ಕಾಲದಲ್ಲಿ ಭಾರತೀಯನೊಬ್ಬ ಆ ಇಲಾಖೆಯ ಮುಖ್ಯ ಇಂಜಿನಿಯರಾಗುವ ಆಸೆ ಇರಲಿಲ್ಲ. 1908ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಆ ಕೆಲಸ ಬಿಟ್ಟರು. ಜಗಳವಾಡಲಿಲ್ಲ, ಬಾಗಿಲು ಬಡಿಯಲಿಲ್ಲ, ನಿವೃತ್ತಿ ಕೇಳಿದರು. ಪಿಂಚಣಿಗೆ ಬೇಕಾದ ಇಪ್ಪತ್ತೈದು ವರ್ಷ ತುಂಬಿರಲಿಲ್ಲ. ಆದರೂ ಅವರ ಕೆಲಸವನ್ನು ಕಂಡಿದ್ದ ಸರ್ಕಾರ ಪಿಂಚಣಿಯನ್ನು ಮಂಜೂರು ಮಾಡಿತು. ಅಲ್ಲಿಂದ ವಿದೇಶ ಪ್ರವಾಸ, ಅಷ್ಟರಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿತು, ನಿಜಾಮರ ಸರ್ಕಾರದಿಂದ ಕರೆ ಬಂತು, 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಪದವಿ, 1912ರಲ್ಲಿ ದಿವಾನಗಿರಿ. ಮುಂಬಯಿಗೆ ದುಡಿದದ್ದು ಇಪ್ಪತ್ತನಾಲ್ಕು ವರ್ಷ. ಬಿಟ್ಟ ಮೇಲೆ ಬದುಕಿದ್ದು, 1962ರವರೆಗೆ, ಐವತ್ತನಾಲ್ಕು ವರ್ಷ. 1918ರಲ್ಲಿ ಮಹಾರಾಜರಿಗೆ ಇಲ್ಲವೆನ್ನುವಾಗ ಆ ಮನುಷ್ಯನ ಬೆನ್ನ ಹಿಂದೆ ಹತ್ತು ವರ್ಷದ ಕೆಳಗೆ ಕ್ರಮವಾಗಿ ಮುಗಿಸಿದ ಒಂದು ಲೆಕ್ಕ ನಿಂತಿತ್ತು. ಸಂಸಾರದ ಹೊರೆಯೂ ಇರಲಿಲ್ಲ. ಇದರಿಂದ ಅವರ ಧೈರ್ಯ ಕಿರಿದಾಗುವುದಿಲ್ಲ. ನನ್ನ ದೊಡ್ಡಪ್ಪನ ಧೈರ್ಯ ಹಿರಿದಾಗುತ್ತದೆ, ಅಷ್ಟೆ.

ಮಾಸ್ತಿಯವರದು 1943ರ ಸಂಗತಿ. ಮೈಸೂರು ಸಿವಿಲ್ ಸರ್ವಿಸಿನಲ್ಲಿ ಬಹುಕಾಲ ದುಡಿದಿದ್ದ ಅವರಿಗೆ ಸಲ್ಲಬೇಕಾಗಿದ್ದ ಮಂತ್ರಿಸಮಾನ ಪದವಿ ಕಿರಿಯರೊಬ್ಬರಿಗೆ ಹೋಯಿತು. ಮಾಸ್ತಿಯವರು ಕೆಲಸ ಬಿಟ್ಟರು. ಆಗ ಅವರಿಗೆ ಐವತ್ತೆರಡು. ತಾಳಿಕೊಂಡಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ವಯಸ್ಸೇ ಬಿಡುಗಡೆ ಕೊಡುತ್ತಿತ್ತು. ಆ ವರ್ಷಗಳ ಸಂಬಳವೇ ಅವರು ಮಾನಕ್ಕೆ ತೆತ್ತ ಬೆಲೆ. ಮರುವರ್ಷ 'ಜೀವನ' ಪತ್ರಿಕೆಯ ಸಂಪಾದಕತ್ವ ವಹಿಸಿ 1965ರವರೆಗೆ ನಡೆಸಿದರು; 'ಚಿಕವೀರ ರಾಜೇಂದ್ರ' ಬಂದದ್ದೂ ಆಮೇಲೆಯೇ; ತೀರಿಕೊಂಡದ್ದು 1986ರಲ್ಲಿ. ಕೆಲಸ ಬಿಟ್ಟ ಮೇಲೆ ನಲವತ್ತಮೂರು ವರ್ಷ! ಐವತ್ತೆರಡರಲ್ಲಿ ಕಾಗದ ಬರೆಯುವವನು ಇಷ್ಟು ವರ್ಷಗಳಿಗೆ ಅಕ್ಕಿಬೇಳೆಯ ಅಂದಾಜು ಹಾಕಬೇಕೆಂದು ಯಾರು ಹೇಳಿಯಾರು? ಭೂಗರ್ಭ ಇಲಾಖೆಯ ಒಳ್ಳೆಯ ಕೆಲಸವನ್ನು ಬಿಟ್ಟ ಕೈಲಾಸಂ ಅಂಥ ಯಾವ ಅಂದಾಜನ್ನೂ ಹಾಕಲಿಲ್ಲ. ಕನ್ನಡ ರಂಗಭೂಮಿಗೆ ಲಾಭವಾಯಿತು. ಅವರ ಮನೆಗೆ ಆಗಲಿಲ್ಲ. ಲಾಭ ಪಡೆದ ನಾವು ಅದನ್ನು ಆದರ್ಶವೆಂದು ಹೊಗಳುವುದು ಸುಲಭ.

ಇಲ್ಲಿ ಮತ್ತೊಂದು ಮಾತಿನ ಚರಿತ್ರೆ ಹೇಳಬೇಕು. ಪಾರಸಿಯ ನೌಕರಿಗೆ ಕೂಲಿಯಾಗಿ ನಾವು ಪಡೆಯುವ 'ಸಂಬಳ' ಮಾತ್ರ ಸಂಸ್ಕೃತದ 'ಶಂಬಲ'ದಿಂದ ಬಂದದ್ದು. ಶಂಬಲವೆಂದರೆ ಪಯಣಿಗನು ಕಟ್ಟಿಕೊಂಡು ಹೋಗುವ ದಾರಿಬುತ್ತಿ. ತಿಂಗಳ ಕೊನೆಗೆ ಬರುವ ಹಣ ಕುಳಿತು ಉಣ್ಣುವ ಊಟವಲ್ಲ, ಹೊರಡುವವನ ಬುತ್ತಿ ಎಂದು ಹಿಂದಿನವರು ಹೆಸರಿಟ್ಟರೆ, ನಾವು ಅದನ್ನು ಇಪ್ಪತ್ತನೆಯ ತಾರೀಖಿಗೇ ಮುಗಿಸಿ ಕೂರುತ್ತೇವೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಬುತ್ತಿಯ ಲೆಕ್ಕದೊಡನೆ ಬಂದಿದ್ದ. ಒಂದು ಖಾಸಗಿ ಕಾಲೇಜಿನಲ್ಲಿ ಅಧ್ಯಾಪಕ. ಅಲ್ಲಿ ಹೇಳದೆ ಕೇಳದೆ ಪಾಠದ ಅವಧಿ ಹೆಚ್ಚಿಸುತ್ತಾರೆ, ಸಂಬಳವನ್ನು ಎರಡೆರಡು ತಿಂಗಳು ತಡಮಾಡುತ್ತಾರೆ; ಬಿಟ್ಟುಬಿಡುತ್ತೇನೆ ಸಾರ್ ಎಂದ. ಗೀಟುಹಾಳೆಯಲ್ಲಿ ಬಾಡಿಗೆ, ಮಗಳ ಶಾಲೆಯ ಶುಲ್ಕ, ತಾಯಿಯ ಔಷಧ, ಆರು ತಿಂಗಳಿಗೆಂದು ಕೂಡಿಸಿದ್ದ. ಭವಿಷ್ಯನಿಧಿಯನ್ನು ಪೂರ್ತಿ ತೆಗೆದು ಅದರಿಂದ ನಡೆಸುವುದೆಂದು ಬರೆದಿದ್ದ. ಅದನ್ನು ಒಡೆಯಬೇಡ, ಮುಂದಿನ ಕೆಲಸಕ್ಕೆ ವರ್ಗ ಮಾಡಿಸಿಕೊ. ಹತ್ತು ವರ್ಷ ಕೂಡಿದರೆ ಅದರೊಡನೆ ಇರುವ ಪಿಂಚಣಿಗೆ ಹಕ್ಕು ಬರುತ್ತದೆ ಎಂದೆ. ಉಪದಾನದ ಸಾಲು ಹಾಳೆಯಲ್ಲಿ ಇರಲೇ ಇಲ್ಲ. ಗ್ರಾಚ್ಯುಟಿ ಎಂದು ಎಲ್ಲರೂ ಕರೆಯುವ ಇದಕ್ಕೆ 1972ರ ಕಾಯಿದೆ ಐದು ವರ್ಷದ ಸೇವೆಯ ಗಡಿ ಹಾಕಿತು. ವರ್ಷಕ್ಕೆ ಹದಿನೈದು ದಿನದ ಸಂಬಳ. ಅಧ್ಯಾಪಕರು ಅದರಲ್ಲಿ ಸೇರುವುದಿಲ್ಲವೆಂಬ ವಾದ ಬಹುಕಾಲ ನಡೆಯಿತು. 2009ರ ತಿದ್ದುಪಡಿ ಅವರನ್ನು 1997ರಿಂದಲೇ ಸೇರಿಸಿತು. ಖಾಸಗಿ ಶಾಲೆಗಳವರು ದಾವೆ ಹೂಡಿ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಖಾಯಂ ನೌಕರರಿಗೆ ಆ ಐದು ವರ್ಷದ ಗಡಿ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ. ಅವನ ಸೇವೆ ನಾಲ್ಕು ವರ್ಷ ಮೂರು ತಿಂಗಳಾಗಿತ್ತು.

"ಹಾಗಾದರೆ ಒಂಬತ್ತು ತಿಂಗಳು" ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಕಾಗದದಲ್ಲಿ ಏನಂತ ಬರೀಲಿ ಸಾರ್? ರಾಜೀನಾಮೆ ಅಂತ ಬರೆದರೆ ತೊಂದರೆಯೇ?" ಎಂದು ಕೇಳಿದ. ಉಪದಾನದ ಕಾನೂನಿನಲ್ಲಿ ನಿವೃತ್ತಿಯ ಜೊತೆಯಲ್ಲೇ ರಾಜೀನಾಮೆಯ ಹೆಸರೂ ಇದೆ. ನಿನಗೆ ಆ ಭಯವಿಲ್ಲ, ಅದೇ ಮಾತನ್ನು ಬರೆ, ತಾರೀಖನ್ನು ಮಾತ್ರ ಸರಿಯಾಗಿ ಹಾಕು ಎಂದು ಹೇಳಿದೆ.