ಚೆನ್ನೆಮಣೆಯೂ ಗಣಕಯಂತ್ರವೂ

ಹೋದ ಆಷಾಢದಲ್ಲಿ ತೀರ್ಥಹಳ್ಳಿಯಿಂದ ನನ್ನ ತಂಗಿಯ ಮಗ ಸಾಗರಕ್ಕೆ ಬಂದಿದ್ದ. ಹನ್ನೆರಡು ವರ್ಷದ ಹುಡುಗ. ಹೊರಗೆ ಮಳೆ. ಈ ಮಳೆಯನ್ನು ಮಲೆನಾಡಿನವರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಬಯಲುಸೀಮೆಯ ಓದುಗರಿಗೆ ಎಷ್ಟು ವರ್ಣಿಸಿದರೂ ಸಾಲದು. ಬಂದವನೇ ನನ್ನ ಮೇಜಿನ ಮೇಲಿನ ಗಣಕಯಂತ್ರವನ್ನು ಒಮ್ಮೆ ಸುತ್ತಿ ನೋಡಿ, "ಮಾವ, ಇದರಲ್ಲಿ ಆಟ ಇದ್ಯಾ?" ಎಂದು ಕೇಳಿದ. ಇದೆ ಎಂದೆ. ನಾನು ಹೆಸರಿಸಿದ ಆಟಗಳಲ್ಲಿ ಒಂದನ್ನೂ ಅವನು ಕೇಳಿರಲಿಲ್ಲ; ಅವನು ಹೆಸರಿಸಿದವುಗಳಲ್ಲಿ ಒಂದೂ ನನ್ನ ಯಂತ್ರದಲ್ಲಿರಲಿಲ್ಲ. "ಓ, ಇದು ಲಿನಕ್ಸ್ ಅಲ್ವಾ" ಎಂದ. ಹುಳಿದ ಮಜ್ಜಿಗೆ ಬಡಿಸಿದವರ ಎದುರು ಸಭ್ಯನಾದ ಅತಿಥಿ ಮಾತಾಡುವ ಧಾಟಿ ಅದು. ಅಷ್ಟರಲ್ಲಿ ವಿದ್ಯುತ್ತು ಹೋಯಿತು, ವಾದವೂ ಮುಗಿಯಿತು. ಅಟ್ಟದಿಂದ ಚೆನ್ನೆಮಣೆ ಇಳಿಸಿದೆವು.

ಈ ಮಣೆ ನನ್ನ ಅಮ್ಮಮ್ಮನದು. ಹಲಸಿನ ಮರದ್ದು, ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜ. ಹೊಸನಗರ ಸೀಮೆಯ ನಮ್ಮ ಹಳೆಯ ಮನೆಯಿಂದ, ಶರಾವತಿಯ ನೀರು ಏರಿ ಬರುವ ಮುಂಚೆ, ಗಾಡಿ ಹತ್ತಿ ಬಂದ ಸಾಮಾನುಗಳಲ್ಲಿ ಇದೂ ಒಂದು. ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾದುದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು, ತೋಟ ಗದ್ದೆಗಳು, ಗುಡಿಗಳು ಆ ನೀರಿನಡಿ ಸೇರಿದವು. ನಾಡಿಗೆಲ್ಲ ದೀಪ ಹತ್ತಿತು. ನಮ್ಮ ಮನೆಯಲ್ಲಿ ಅದು ಹತ್ತಿದುದು ಬಹಳ ತಡವಾಗಿ. ಅದು ಬೇರೆ ಕಥೆ.

ನನ್ನ ಅಪ್ಪಯ್ಯ ಮುಳುಗಿದ ಊರಿನ ಪ್ರತಿಯೊಂದು ಗದ್ದೆಯ, ತೋಡಿನ, ಕಾಲುದಾರಿಯ ಹೆಸರನ್ನು ನೆನಪಿನಿಂದ ಬರೆದಿಟ್ಟಿದ್ದರು. ಯಾವ ಗದ್ದೆ ಯಾರದು, ಎಲ್ಲಿ ನೀರು ನಿಲ್ಲುತ್ತಿತ್ತು, ಯಾವ ಮರದ ಬುಡದಲ್ಲಿ ಯಾವ ಭೂತಕ್ಕೆ ಕಾಯಿ ಒಡೆಯುತ್ತಿದ್ದರು, ಎಲ್ಲವೂ ಅದರಲ್ಲಿತ್ತು. 1998ರಲ್ಲಿ ಅದನ್ನು ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟು ಗಣಕದಲ್ಲಿ ಬೆರಳಚ್ಚು ಮಾಡಿಸಿದರು. ತೊಂಬತ್ತು ಪುಟದ ಒಂದು ಪ್ರತಿ, ಜೊತೆಗೆ ಒಂದು ಫ್ಲಾಪಿ. ಇನ್ನು ಅಚ್ಚಾಯಿತಲ್ಲ ಎಂಬ ಭರವಸೆಯಲ್ಲಿ ಕೈಬರಹದ ಪುಸ್ತಕ ಎತ್ತ ಹೋಯಿತೋ ಯಾರೂ ವಿಚಾರಿಸಲಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಕಪಾಟು ತೆಗೆದರೆ ಕಾಗದದ ಪ್ರತಿಯನ್ನು ಒರಲೆ ತಿಂದು ಹನ್ನೊಂದು ಪುಟ ಉಳಿಸಿತ್ತು. ಫ್ಲಾಪಿಯಲ್ಲಿದ್ದುದನ್ನು ಹೇಗೋ ಹೊಸ ಯಂತ್ರಕ್ಕೆ ಇಳಿಸಿಕೊಂಡೆ. ತೆರೆದು ನೋಡುತ್ತೇನೆ: ಕನ್ನಡದ ಒಂದಕ್ಷರವಿಲ್ಲ. ಇಂಗ್ಲಿಷಿನ ಅಕ್ಷರ, ಅಂಕಿ, ಆಶ್ಚರ್ಯಚಿಹ್ನೆಗಳ ರಾಶಿ.

ಇದರ ಕಾರಣವನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ಆ ಕಾಲದಲ್ಲಿ ಗಣಕಕ್ಕೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷಿನ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರು. ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಗುಡಿಸು, ಮತ್ತೊಂದರಲ್ಲಿ ಒತ್ತಕ್ಷರ. ಯಾವ ಮನೆಯಲ್ಲಿ ಯಾವುದು ಎಂಬುದನ್ನು ಒಬ್ಬೊಬ್ಬ ತಯಾರಕ ಒಂದೊಂದು ಬಗೆಯಾಗಿ ಗೊತ್ತುಮಾಡಿದ್ದ, ಗುಟ್ಟಾಗಿಯೂ ಇಟ್ಟಿದ್ದ. ಆ ಅಂಗಡಿಯವರು ಬಳಸಿದ ತಂತ್ರಾಂಶ ಈಗ ಎಲ್ಲಿಯೂ ದೊರೆಯದು. ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸ್ವಂತ ಮನೆಸಂಖ್ಯೆ ಕೊಡುವ ಯುನಿಕೋಡ್ ಎಂಬ ಏರ್ಪಾಡು 1991ರಲ್ಲೇ ಕನ್ನಡವನ್ನೂ ಒಳಗೊಂಡು ಹೊರಟಿತ್ತು. ಸಾಗರದ ಪೇಟೆಗೆ ಅದು ಬಂದು ತಲುಪುವ ಹೊತ್ತಿಗೆ ಅಪ್ಪಯ್ಯನ ಊರು ಎರಡನೆಯ ಸಲ ಮುಳುಗಿಯಾಗಿತ್ತು.

ನಾನು ಲಿನಕ್ಸಿನ ಕಡೆ ಹೋದುದು ಹೀಗೆ, ಸಿಟ್ಟಿನಿಂದ. ತತ್ತ್ವ ಆಮೇಲೆ ಬಂತು.

ಆ ತತ್ತ್ವದ ಚರಿತ್ರೆಯೂ ಒಂದು ಸಿಟ್ಟಿನಿಂದಲೇ ಆರಂಭವಾದುದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಕೆಲಸ ಮಾಡುತ್ತಿದ್ದ. ಅವರ ಮುದ್ರಣಯಂತ್ರ ಪದೇ ಪದೇ ಕೆಡುತ್ತಿತ್ತು. ಸರಿಪಡಿಸಲು ಅದರ ತಂತ್ರಾಂಶದ ಮೂಲಬರಹ ಕೇಳಿದರೆ ಕೊಡುವುದಿಲ್ಲವೆಂದರು. 1983ರಲ್ಲಿ ಆತ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಕಾರ್ಯವ್ಯವಸ್ಥೆಯೊಂದನ್ನು ಬರೆಯುತ್ತೇನೆಂದು ಸಾರಿದ. ಹಂಚಿಸಿಕೊಂಡವನು ತಾನು ತಿದ್ದಿದುದನ್ನು ಇನ್ನೊಬ್ಬರಿಗೆ ಕೊಡುವಾಗ ಮುಚ್ಚಿಡಕೂಡದು ಎಂಬ ಕಟ್ಟಳೆಯನ್ನು 1989ರಲ್ಲಿ ಪರವಾನಗಿಯ ರೂಪಕ್ಕೆ ತಂದ. 1991ರಲ್ಲಿ ಫಿನ್ಲೆಂಡಿನ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಾದ ತಿರುಳನ್ನು ಬರೆದ. ಮರುವರ್ಷ ಅದನ್ನೂ ಆ ಪರವಾನಗಿಯ ಕೆಳಗೆ ತಂದ.

ತಿರುಳು ಒಂದೇ, ಅದಕ್ಕೆ ಯಾರು ಯಾವ ಸಾಮಗ್ರಿ ಸೇರಿಸಿ ಕಟ್ಟಿ ಹಂಚುತ್ತಾರೆ ಎಂಬುದರ ಮೇಲೆ ಅದರ ಹೆಸರು. 1993ರಲ್ಲಿ ಸ್ಲ್ಯಾಕ್‌ವೇರ್, ಅದೇ ವರ್ಷ ಡೆಬಿಯನ್, 2004ರಲ್ಲಿ ಉಬುಂಟು. ಇಂಥ ಹಂಚಿಕೆಗಳು ಇಂದು ನೂರಾರು. ಇಷ್ಟೊಂದು ಏಕೆ, ಕಲಿಯುವವನಿಗೆ ಗೊಂದಲ ಎನ್ನುವವರುಂಟು. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಪ್ಪೆಹುಳಿಯನ್ನು ಎಷ್ಟು ಬಗೆಯಾಗಿ ಮಾಡುತ್ತಾರೆಂದು ಅವರು ಒಮ್ಮೆ ಬಂದು ಎಣಿಸಬೇಕು. ಉಬುಂಟುವಿನವರು ಆಗ, ವಿಳಾಸ ಬರೆದು ಕಳಿಸಿದವರಿಗೆ ಅಡಕಮುದ್ರಿಕೆಯನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. ಕಡಲಾಚೆಯ ಆ ಲಕೋಟೆಯನ್ನು ನಮ್ಮ ಅಂಚೆಯವರು ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟರು. ಅವರಿಗೆ ಕಾಫಿ ಕೊಟ್ಟು ಅದೇನೆಂದು ವಿವರಿಸುವುದರಲ್ಲಿ ಉಳಿದ ಮನೆಗಳ ಕಾಗದ ಅರ್ಧ ಗಂಟೆ ತಡವಾಯಿತು.

ಪುಕ್ಕಟೆ ಎಂಬುದು ಬೇರೆ, ತೆರೆದಿಡುವುದು ಬೇರೆ. ಈ ಭೇದ ನನಗೆ ತಿಳಿದುದು ಅಪ್ಪಯ್ಯನ ಕಡತದಿಂದ. ಕನ್ನಡಕ್ಕೆ ಪುಕ್ಕಟೆಯಾಗಿ ದುಡಿದವರ ಋಣ ಸಣ್ಣದಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಬೇಕಾದವರಿಗೆಲ್ಲ ಕೊಟ್ಟರು. ಅವರ ಕೀಲಿಮಣೆಯ ಕ್ರಮದ ಮೇಲೆಯೇ ಇಂದು ನಾವೆಲ್ಲ ಬೆರಳಾಡಿಸುತ್ತಿರುವುದು. ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದುವು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕೂತು, ಗಣಕದಲ್ಲಿ ನೆಲೆಯಾಗದ ಭಾಷೆಗೆ ಮುಂದೆ ಉಳಿವಿಲ್ಲವೆಂದು ಎಚ್ಚರಿಸುತ್ತ ಬಂದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶಕ್ಕೆ ಬೆನ್ನಾಗಿ ನಿಂತರು. 2007ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಆ ಚಿಂತೆ ಬಿಡಲಿಲ್ಲ. ಸಾಹಿತಿಗಳಲ್ಲಿ ಹಲವರು ಇದನ್ನು ತೇಜಸ್ವಿಯವರ ಇನ್ನೊಂದು ಹುಚ್ಚು ಎಂದುಕೊಂಡಿದ್ದರೆಂದು ನನಗೆ ಗುಮಾನಿ. ಮೀನು ಹಿಡಿಯುವುದು, ಹಕ್ಕಿಯ ಚಿತ್ರ ತೆಗೆಯುವುದು, ಹಾಗೆಯೇ ಇದೂ ಒಂದು ಎಂದು.

ಅಪ್ಪಯ್ಯನ ಕಡತವನ್ನು ಓದಿಸಿದುದು ಮಾತ್ರ ತೆರೆದಿಟ್ಟ ಒಂದು ಚಿಕ್ಕ ಬರಹ. ಹಳೆಯ ಲಿಪಿಯ ಕನ್ನಡವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಕನ್ನಡದ ಯುವಕರು ಬರೆದು, ಮೂಲಸಹಿತ ಹೊರಗಿಟ್ಟಿದ್ದರು. ನನ್ನ ಕಡತದ ಲಿಪಿಗೆ ಅದು ನೇರವಾಗಿ ಹೊಂದಲಿಲ್ಲ. ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಕೋಷ್ಟಕ ಕಣ್ಣೆದುರಿಗಿತ್ತು. ಒರಲೆ ಬಿಟ್ಟ ಹನ್ನೊಂದು ಪುಟವನ್ನು ಒಂದು ಕಡೆ, ಚಿಹ್ನೆಗಳ ರಾಶಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು, ಶಾಸನ ಓದುವವರಂತೆ ಒಂದೊಂದೇ ಅಕ್ಷರವನ್ನು ಗುರುತಿಸಿ ಕೋಷ್ಟಕವನ್ನು ತಿದ್ದುತ್ತ ಹೋದೆ. ಒಂದು ಮಳೆಗಾಲ ಹಿಡಿಯಿತು. ಕೊನೆಗೊಂದು ರಾತ್ರಿ ಗದ್ದೆಗಳ ಹೆಸರು ಸಾಲುಸಾಲಾಗಿ ತೆರೆಯ ಮೇಲೆ ಎದ್ದು ಬಂದುವು. ನಾನು ಎದ್ದು ಹೋಗಿ ಮನೆಯವರನ್ನೆಲ್ಲ ಎಬ್ಬಿಸಿದೆ. ಎರಡು ಹೆಸರುಗಳಲ್ಲಿ ಮಾತ್ರ ಒಂದೊಂದು ಅಕ್ಷರ ಕೂಡಿಬರಲಿಲ್ಲ.

ಬರಹವನ್ನು ಹೀಗೆ ತೆರೆದಿಡಬಹುದಾದರೆ ಯಂತ್ರವನ್ನೂ ತೆರೆದಿಡಬಾರದೇಕೆ? ಈ ಪ್ರಶ್ನೆಯನ್ನು ಬೇರಾರಿಗಿಂತ ಮುಂಚೆ, ಬಹು ದೊಡ್ಡದಾಗಿ ಕೇಳಿದವರಲ್ಲಿ ಬೆಂಗಳೂರಿನವರೂ ಸೇರಿದ್ದಾರೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪೆನಿಯ ಎಂಜಿನಿಯರುಗಳೂ ಕೂಡಿ 1999ರಲ್ಲಿ ಒಂದು ಟ್ರಸ್ಟು ಮಾಡಿಕೊಂಡು, 2001ರ ಏಪ್ರಿಲಿನಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವನ್ನು ಹೊರತಂದರು. ಅದರೊಳಗೆ ಲಿನಕ್ಸ್. ಅಕ್ಷರ ಬಾರದವರಿಗಾಗಿ, ಬರೆದುದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶ. ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ, ಊರಿಗೊಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡು. ಕಾರ್ಡು ತೂರಿಸಿದರೆ ಯಂತ್ರ ಆ ಹೊತ್ತಿಗೆ ನಿಮ್ಮದು. ಎಲ್ಲಕ್ಕಿಂತ ಹೊಸತೆಂದರೆ ಯಂತ್ರದ ನಕ್ಷೆಗೂ ಲಿನಕ್ಸಿನಂಥದೇ ಪರವಾನಗಿ: ತಯಾರಿಸುವವರು ಒಂದು ಸಲ ಶುಲ್ಕ ಕೊಟ್ಟು ತಯಾರಿಸಬಹುದು, ಬಡದೇಶದವರಿಗೆ ಶುಲ್ಕ ಕಡಿಮೆ, ಮಾಡಿದ ಸುಧಾರಣೆಯನ್ನು ವರ್ಷದೊಳಗೆ ಎಲ್ಲರಿಗೂ ತೆರೆಯಬೇಕು. ಇಟಲಿಯ ಆರ್ಡುಯಿನೊ ಹುಟ್ಟಿದುದು ಇದಾಗಿ ನಾಲ್ಕು ವರ್ಷಕ್ಕೆ, 2005ರಲ್ಲಿ. ಜಗತ್ತಿನ ಪತ್ರಿಕೆಗಳು ಸಿಂಪ್ಯೂಟರನ್ನು ಕೊಂಡಾಡಿದವು. ಜಮೀನಿನ ದಾಖಲೆ ಸಂಗ್ರಹಿಸುವ ಕೆಲಸಕ್ಕೆ ನಮ್ಮ ಸರಕಾರವೂ ಅದನ್ನು ಬಳಸಿ ನೋಡಿತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕೈಗೂಡಿ 'ಅಮಿಡ' ಎಂಬ ಸಿಂಪ್ಯೂಟರು ಮಾರುಕಟ್ಟೆಗೆ ಬಂತು. ಕನಿಷ್ಠ ಬೆಲೆ ಹತ್ತು ಸಾವಿರಕ್ಕೆ ತುಸು ಕಡಿಮೆ. ನಾನು ಅದನ್ನು ಕೈಯಲ್ಲಿ ಹಿಡಿದುದು ಒಂದೇ ಸಲ, ಬೆಂಗಳೂರಿನ ಸ್ನೇಹಿತರ ಮನೆಯಲ್ಲಿ. ಅಂಗೈಯನ್ನು ವಾಲಿಸಿದರೆ ಪುಟ ಮಗುಚುತ್ತಿತ್ತು. ವಾಲಿಸಿಯೇ ಆಟವನ್ನೂ ಆಡಬಹುದಾಗಿತ್ತು. ಇಂದು ಪ್ರತಿಯೊಬ್ಬ ಹುಡುಗನ ಫೋನಿನಲ್ಲಿರುವ ಈ ಚಮತ್ಕಾರವನ್ನು ನಾನು ಮೊದಲು ಕಂಡುದು ಬೆಂಗಳೂರಿನ ಯಂತ್ರದಲ್ಲಿ.

ಆದರೂ ಅದು ಬದುಕಲಿಲ್ಲ. ಮಾರಾಟವಾದುವು ಕೆಲವೇ ಸಾವಿರ. ಸೆಲ್‌ಫೋನು ಅಗ್ಗವಾಯಿತು, ಸರಕಾರದ ದೊಡ್ಡ ಬೇಡಿಕೆ ಬರಲಿಲ್ಲ ಎಂದು ಕಾರಣ ಹೇಳುತ್ತಾರೆ, ಸರಿಯೇ. ನನಗೆ ತೋರುವ ಇನ್ನೊಂದು ಕಾರಣವುಂಟು. ಮಣೆಯ ನಕ್ಷೆ ತೆರೆದಿತ್ತು, ಮರ ಮಾತ್ರ ಇಂಟೆಲ್ ಕಂಪೆನಿಯ ಕಾಡಿನದು. ಯಂತ್ರದ ಎದೆಯಲ್ಲಿದ್ದ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಒಳಗುಟ್ಟು ಯಾರಿಗೂ ತೆರೆದಿರಲಿಲ್ಲ. ಕಂಪೆನಿ ಬೇರೆ ಚಿಪ್ಪಿಗೆ ಹೊರಳಿಕೊಂಡಾಗ ತಡೆಯುವವರೂ ಇರಲಿಲ್ಲ. ಸಾಗರದ ಗುಡಿಗಾರರು ಗಂಧದ ಕೊರಡಿನಿಂದ ಏನನ್ನೂ ಬಿಡಿಸಬಲ್ಲರು, ಸಿಲಿಕಾನಿನ ಮೇಲೆ ಅವರ ಉಳಿ ಓಡದು. ಚಿಪ್ಪಿನ ಭಾಷೆಯನ್ನೇ ತೆರೆದಿಡುವ ರಿಸ್ಕ್-ಫೈವ್ ಎಂಬ ಕ್ರಮ ಬರ್ಕಲಿಯಲ್ಲಿ ಆರಂಭವಾದುದು 2010ರಲ್ಲಿ; ಮದರಾಸಿನ ಐಐಟಿಯವರು ಅದೇ ಕ್ರಮದ 'ಶಕ್ತಿ' ಚಿಪ್ಪಿನ ಮೇಲೆ 2018ರಲ್ಲಿ ಲಿನಕ್ಸ್ ಓಡಿಸಿ ತೋರಿಸಿದರು. ಸಿಂಪ್ಯೂಟರಿನ ಪಾಲಿಗೆ ಬಹಳ ತಡ. ಅದರ 'ಧ್ವನಿ' ಮಾತ್ರ ಉಳಿಯಿತು. ಮೂಲ ತೆರೆದಿದ್ದುದರಿಂದ ಬೇರೆಯವರು ಅದನ್ನು ಎತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆ ಕಲಿಸಿದರು. ಅಪ್ಪಯ್ಯನ ಪುಟಗಳನ್ನು ನಾನು ಅದರಿಂದ ಓದಿಸಿ ಕೇಳಿದುದುಂಟು. ಉಚ್ಚಾರ ಯಂತ್ರದ್ದೇ, ಅಪ್ಪಯ್ಯ ಕೇಳಿದ್ದರೆ ನಗುತ್ತಿದ್ದರು.

ಇನ್ನು ಹುಡುಗನ ಆಟದ ಮಾತು. ವಿದ್ಯುತ್ತು ಮೂರನೆಯ ದಿನ ಬಂತು. ವಿಂಡೋಸಿಗಾಗಿ ಬರೆದ ಆಟಗಳನ್ನು ಲಿನಕ್ಸಿನಲ್ಲಿ ಆಡಿಸುವ ಪ್ರಯತ್ನ 1993ರ 'ವೈನ್' ಕಾಲದಿಂದ ನಡೆದಿದೆ. 2018ರಲ್ಲಿ ವಾಲ್ವ್ ಕಂಪೆನಿ ಅದರ ಮೇಲೆ ಕಟ್ಟಿದ 'ಪ್ರೋಟಾನ್' ಬಂದ ಮೇಲೆ ಸಾವಿರಾರು ಆಟಗಳು ಆಡುತ್ತಿವೆ. 2022ರಲ್ಲಿ ಅದೇ ಕಂಪೆನಿ ಹೊರತಂದ ಕೈಯಾಟಿಕೆಯ ಒಳಗಿರುವುದೂ ಲಿನಕ್ಸೇ. ಅವನು ಕೇಳಿದ ಮೂರರಲ್ಲಿ ಎರಡು ಆಡಿದವು. ಮೂರನೆಯದು, ಆಟಗಾರ ಮೋಸ ಮಾಡದಂತೆ ಕಾಯುವ ಕಾವಲು ತಂತ್ರಾಂಶವುಳ್ಳದ್ದು, ಲಿನಕ್ಸಿನ ಹೊಸ್ತಿಲಲ್ಲೇ ನಿಂತು ಒಳಗೆ ಬರಲೊಪ್ಪಲಿಲ್ಲ. ತೆರೆದ ಮನೆಯಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಇಟ್ಟುಕೊಂಡ ಹಾಗೆ ಇದು. ಶುದ್ಧಾಚಾರದ ನನ್ನ ಕೆಲವು ಲಿನಕ್ಸ್ ಮಿತ್ರರು ಇದನ್ನು ಮೈಲಿಗೆ ಎನ್ನುತ್ತಾರೆ. ಹನ್ನೆರಡು ವರ್ಷದ ಅತಿಥಿಯ ಎದುರು ಅಷ್ಟು ಮಡಿ ನನ್ನಿಂದಾಗಲಿಲ್ಲ.

ಆದರೆ ಆ ಎರಡು ದಿನದ ಕತ್ತಲಲ್ಲಿ ಚೆನ್ನೆಯಾಟದಲ್ಲೇ ನಮಗೆ ಜಗಳ ಹತ್ತಿತ್ತು. ಬೀಜ ಹಂಚುತ್ತ ಹೋಗಿ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದನ್ನು ಗೆಲ್ಲಬೇಕೆಂದು ನಾನು. ಹಂಚುತ್ತಿರುವಾಗ ನಾಲ್ಕು ತುಂಬಿದ ಗುಳಿಯನ್ನೂ ಎತ್ತಬೇಕೆಂದು ಅವನು. ಅವನ ಕ್ರಮ ಅವನ ಅಪ್ಪನ ಮನೆಯದು. ಇದೇ ಆಟ ಆಫ್ರಿಕದ ತನಕ ಹಬ್ಬಿದೆ. ಗುಳಿಯ ಲೆಕ್ಕ ಬೇರೆ, ಕಟ್ಟಳೆ ಬೇರೆ. ಜೊತೆ ಸಿಗದವರಿಗೆ ಒಬ್ಬರೇ ಆಡುವ ಸೀತೆಯಾಟವೂ ಉಂಟು. ಕೊನೆಗೆ ಬೆಳಗ್ಗೆ ಸಾಗರದ ಕ್ರಮ, ಸಂಜೆ ತೀರ್ಥಹಳ್ಳಿಯ ಕ್ರಮ ಎಂದು ಒಪ್ಪಂದವಾಯಿತು. ಸಂಜೆಯ ಆಟಗಳಲ್ಲೆಲ್ಲ ನಾನೇ ಸೋತೆ.

ಹುಡುಗನನ್ನು ಬಿಡಲು ಹೋದಾಗ ತೀರ್ಥಹಳ್ಳಿಯಲ್ಲಿರುವ ನನ್ನ ಅತ್ತೆಯ ಮನೆಗೂ ಹೋಗಿದ್ದೆ. ಅಪ್ಪಯ್ಯನ ತಂಗಿ, ಎಂಬತ್ತು ದಾಟಿದೆ. ಕೂಡಿಬರದ ಎರಡು ಹೆಸರುಗಳನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಒಯ್ದಿದ್ದೆ. ಮೊದಲನೆಯದನ್ನು ನಾನು "ಸುಬ್ಬಿ ಮಕ್ಕಿ" ಎಂದು ಊಹಿಸಿದ್ದೆ. "ಸುಬ್ಬಿ ಯಾರೋ? ಅದು ಸುಗ್ಗಿ ಮಕ್ಕಿ" ಎಂದರು. "ಮಕ್ಕಿಯಾದರೂ ಅದರಲ್ಲಿ ಸುಗ್ಗಿ ಬೆಳೆ ಬರ್ತಿತ್ತು. ಕೆಳಗೆ ಒರತೆ ಇತ್ತು." ಎರಡನೆಯದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು, ಹೊಳೆಯಲಿಲ್ಲ. ಕಾಗದ ಮಡಿಸಿ ಹಿಂದಕ್ಕೆ ಕೊಡುತ್ತ, "ಮಣೆಗೆ ಒರಲೆ ಹಿಡಿಯದ ಹಾಗೆ ನೋಡಿಕೋ" ಎಂದರು.