ಅರ್ಕಾವತ್ತಿನ ಪರೀಕ್ಷೆ: ಡೆಸ್ಕ್‌ಟಾಪ್ ತಂತ್ರಾಂಶದ ಲೈಬ್ರರಿಗಳನ್ನು ಕುರಿತು

ಡೆಸ್ಕ್‌ಟಾಪ್ ತಂತ್ರಾಂಶವನ್ನು ರಚಿಸಹೊರಟವರು ಲೈಬ್ರರಿಯೊಂದನ್ನು ಆರಿಸಿಕೊಳ್ಳುವಾಗ ಗಾತ್ರ, ವೇಗ, ಪರವಾನಗಿ ಇವೇ ಮೊದಲಾದುವನ್ನು ತೂಗಿನೋಡುವುದು ವಾಡಿಕೆ. ಆದರೆ ಆ ತಂತ್ರಾಂಶದಲ್ಲಿ ಕನ್ನಡವನ್ನು ಬರೆದು ತಿದ್ದಬೇಕಾಗಿದ್ದಲ್ಲಿ, ಇವೆಲ್ಲಕ್ಕೂ ಮುನ್ನ ಪರೀಕ್ಷಿಸತಕ್ಕದ್ದು ಅಕ್ಷರಸಂಯೋಜನೆಯ ಸಾಮರ್ಥ್ಯವನ್ನು ಎಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ.

‘ಅರ್ಕ’ ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಇದು ಅಕಾರ, ರಕಾರ, ಹಲಂತಚಿಹ್ನೆ, ಕಕಾರ ಎಂಬ ನಾಲ್ಕು ಸಂಕೇತಗಳಾಗಿ ಉಚ್ಚಾರಣೆಯ ಕ್ರಮದಲ್ಲಿಯೇ ಶೇಖರವಾಗಿರುತ್ತದೆ. ಕಣ್ಣಿಗೆ ಕಾಣುವಾಗಲಾದರೋ, ಮೊದಲು ಉಚ್ಚರಿಸಿದ ರೇಫವು ಕಕಾರವನ್ನು ದಾಟಿ ಅದರ ಬಲಕ್ಕೆ ಅರ್ಕಾವತ್ತಾಗಿ ನಿಲ್ಲಬೇಕು. ಈ ಸ್ಥಾನಪಲ್ಲಟವನ್ನು ಹಾರ್ಫ್‌ಬಜ್‌ನಂತಹ ಸಂಯೋಜಕವು ಫಾಂಟಿನ ನಿಯಮಗಳನ್ನು ಓದಿ ನಡೆಸಿಕೊಡುತ್ತದೆ. ಆಟಗಳ ನಿರ್ಮಾಪಕರಿಗೆ ಅಚ್ಚುಮೆಚ್ಚಾದ ಡಿಯರ್ ಇಮ್‌ಗುಯಿ ಎಂಬ ಲೈಬ್ರರಿಯಲ್ಲಿ ಅಂತಹ ವ್ಯವಸ್ಥೆ ಇಲ್ಲವಾದ್ದರಿಂದ, ಸಂಕೇತಗಳು ಬಿಡಿಬಿಡಿಯಾಗಿಯೇ ಸಾಲುಗೊಂಡು ಅರ್ಕಾವತ್ತು ಮೂಡುವುದೇ ಇಲ್ಲ.

ನಾರ್ವೆಯಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಕ್ಯೂಟಿ, ಗಿಂಪ್ ಎಂಬ ಚಿತ್ರತಂತ್ರಾಂಶಕ್ಕಾಗಿ ರೂಪುಗೊಂಡ ಜಿಟಿಕೆ, ಇವೆರಡೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ. ಗಿಟ್‌ಹಬ್ ಸಂಸ್ಥೆಯು 2013ರಲ್ಲಿ ಆಟಮ್ ಶೆಲ್ ಎಂಬ ಹೆಸರಿನಿಂದ ಆರಂಭಿಸಿದ ಇಲೆಕ್ಟ್ರಾನ್ ಒಂದು ಟಿಪ್ಪಣಿಪುಸ್ತಕದ ತಂತ್ರಾಂಶಕ್ಕೂ ಇಡೀ ಕ್ರೋಮಿಯಮ್ ಬ್ರೌಸರನ್ನು ಹೊರಿಸುತ್ತದೆಂದು ಹಳಿಯುವವರುಂಟು; ಆ ದೂರು ನಿರಾಧಾರವಲ್ಲ. ಆದರೂ ಆ ಹೊರೆಯಲ್ಲಿಯೇ ಹಾರ್ಫ್‌ಬಜ್ ಅಡಕವಾಗಿರುವುದರಿಂದ, ಫಾಂಟನ್ನೂ ಜೊತೆಗಿಟ್ಟು ಕಳುಹಿಸಿದರೆ, ವಿಂಡೋಸಿನಲ್ಲಿ ಕಂಡಂತಹ ಒತ್ತಕ್ಷರವೇ ಲಿನಕ್ಸಿನಲ್ಲಿಯೂ ಕಾಣುವುದೆಂಬ ಭರವಸೆಯುಂಟು. 2022ರಲ್ಲಿ 1.0 ಆವೃತ್ತಿಯನ್ನು ಕಂಡ ಟೌರಿ ಆ ಹೊರೆಯನ್ನು ಇಳಿಸಿ ಆಯಾ ಗಣಕದಲ್ಲಿರುವ, ಪುಟಗಳನ್ನು ತೋರಿಸುವ ವೆಬ್‌ವ್ಯೂವನ್ನೇ ಆಶ್ರಯಿಸುವುದರಿಂದ, ವಿಂಡೋಸ್, ಮ್ಯಾಕ್, ಲಿನಕ್ಸುಗಳಲ್ಲಿ ಒಂದೇ ಪುಟವನ್ನು ಮೂರು ಸಲ ಪರೀಕ್ಷಿಸುವ ಶ್ರಮವು ತಪ್ಪದು.

ಅಕ್ಷರವು ಸರಿಯಾಗಿ ಕಂಡಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಅರ್ಕ’ದ ತುದಿಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಕಕಾರವೊಂದೇ ಅಳಿದು ‘ಅರ್’ ಉಳಿಯಬೇಕೋ, ಸಂಯುಕ್ತಾಕ್ಷರವೆಲ್ಲ ಹೋಗಿ ‘ಅ’ ಮಾತ್ರ ಉಳಿಯಬೇಕೋ? ಒಂದು ಒತ್ತಿನ ತಪ್ಪಿಗೆ ಇಡೀ ಅಕ್ಷರವನ್ನು ಮತ್ತೆ ಬರೆಯಿಸುವುದು ಬೆರಳಚ್ಚುಗಾರನಿಗೆ ದಂಡವೇ ಆದ್ದರಿಂದ, ಮೊದಲನೆಯದೇ ಯುಕ್ತವೆಂದು ನನ್ನ ಮತ.

ಹೀಗಾಗಿ ನಿಘಂಟು, ಗ್ರಂಥಸಂಪಾದನೆ ಮೊದಲಾದ ದೀರ್ಘಬರವಣಿಗೆಯ ತಂತ್ರಾಂಶಗಳಿಗೆ ಕ್ಯೂಟಿ ಅಥವಾ ಜಿಟಿಕೆಗೆ ಅಗ್ರಸ್ಥಾನ. ವೆಬ್ ತಂತ್ರವನ್ನಷ್ಟೇ ಬಲ್ಲವರಿಗೆ, ಗಾತ್ರವನ್ನು ಸಹಿಸುವುದಾದರೆ, ಇಲೆಕ್ಟ್ರಾನ್. ಡಿಯರ್ ಇಮ್‌ಗುಯಿಯನ್ನು ಕನ್ನಡದ ಬರವಣಿಗೆಗೆ ಆರಿಸಿಕೊಳ್ಳತಕ್ಕದ್ದಲ್ಲ.